ಥರ್ಮಾಕೋಲ್ ಡಬ್ಬಿ ಬೇಡ ಸರಿ, ಬದಲಿಗೆ ಯಾವುದು? ದ್ವೀಪದ ಹೋಟೆಲಿಗೊಂದು ಹೋಲಿಕೆ

ನಮ್ಮ ಭಾವ ಮಾಲ್ದೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಒಂದು ಸಣ್ಣ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ. ಅಲ್ಲಿನವರ ಬಾಯಲ್ಲಿ ಅದು 'ಸಾಯ್ ಹೊಟಾ', ಅಂದರೆ ಚಹಾದಂಗಡಿ. ಮಧ್ಯಾಹ್ನಕ್ಕೆ ಅನ್ನ, ರೋಶಿ ಎಂಬ ರೊಟ್ಟಿ, ಗರುಧಿಯ ಎಂಬ ಟ್ಯೂನಾ ಮೀನಿನ ತಿಳಿಸಾರು. ಸಂಜೆಗೆ ಕರಿದ ತಿಂಡಿ. ಕೂತು ತಿನ್ನುವವರಿಗಿಂತ ಪಾರ್ಸೆಲ್ ಒಯ್ಯುವವರೇ ಜಾಸ್ತಿ. 2021ರ ಜೂನ್ 1ರಿಂದ ಥರ್ಮಾಕೋಲಿನ ಊಟದ ಡಬ್ಬಿಯನ್ನು ದೇಶದೊಳಗೆ ತರಿಸುವಂತಿಲ್ಲ ಎಂದು ಅಲ್ಲಿನ ಸರ್ಕಾರ ನಿಲ್ಲಿಸಿದಾಗ ಭಾವನ ಫೋನ್ ಬಂತು. "ಊರಿಂದ ಹಾಳೆ ತಟ್ಟೆ ಕಳಿಸ್ಲಿಕ್ಕೆ ಆಗ್ತದಾ ಮಾರಾಯ? ಮುಚ್ಚಳ ಇರುವಂಥದ್ದು."

ಹಾಳೆ ಎಂದರೆ ಅಡಿಕೆ ಮರದ ಸೋಗೆಯ ಬುಡದ ಅಗಲವಾದ ಪೊರೆ. ಅದಕ್ಕೆ ಮುಚ್ಚಳ! ನಗು ಬಂತು. ಆದರೆ ಪ್ರಶ್ನೆ ಸಣ್ಣದಲ್ಲ. ಆಮೇಲೆ ಇದೇ ಪ್ರಶ್ನೆಯನ್ನು ದ್ವೀಪಗಳಲ್ಲಿ ಕೆಲಸಕ್ಕಿರುವ ಇನ್ನೂ ಕೆಲವರು ಕೇಳಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಒಂದೆಡೆ ಬರೆದಿಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಹಾಳೆ ತಟ್ಟೆ ಒತ್ತುವ ಮೆಷಿನ್ ಇತ್ತು, ತೋಟದಲ್ಲಿ ಈಗಲೂ ಅಡಿಕೆ ಇದೆ. ಹಾಗಾಗಿ ಹಾಳೆಯ ಬಗ್ಗೆ ನಾನು ಹೇಳುವುದನ್ನು ಸ್ವಲ್ಪ ಉಪ್ಪು ಕಡಿಮೆ ಮಾಡಿಕೊಂಡೇ ಉಣ್ಣಿ.

ದ್ವೀಪದಲ್ಲಿ ಈ ಡಬ್ಬಿ ಯಾಕೆ ಹೆಚ್ಚು ತೊಂದರೆ

ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕನ್ನು ಉಬ್ಬಿಸಿದ ನೊರೆ. ಗಾತ್ರದಲ್ಲಿ ಶೇ 90ಕ್ಕೂ ಹೆಚ್ಚು ಬರೀ ಗಾಳಿ. ಬಿಸಿ ಹಿಡಿದಿಡುವುದು, ಕೈ ಸುಡದಿರುವುದು, ಅಗ್ಗವಾಗಿರುವುದು, ಎಲ್ಲವೂ ಆ ಗಾಳಿಯ ಕೃಪೆ. ತೊಂದರೆಯೂ ಅದರದ್ದೇ. ಗಾಳಿ ಬೀಸಿದರೆ ಕಸದ ಬುಟ್ಟಿಯಿಂದ ಹಾರುತ್ತದೆ, ನೀರಿಗೆ ಬಿದ್ದರೆ ಮುಳುಗುವುದಿಲ್ಲ. ಕಾಫಿ ಲೋಟ ಮುರಿದರೆ ಸಬ್ಬಕ್ಕಿಯಂಥ ಮಣಿಗಳು ಉದುರುತ್ತವೆ. ಮಡಚುವ ಊಟದ ಡಬ್ಬಿ ನೊರೆಯ ಹಾಳೆಯನ್ನು ಅಚ್ಚಿಗೆ ಒತ್ತಿ ಮಾಡಿದ್ದು, ಅದು ಬಿಸಿಲಿಗೆ ಗರಿಗರಿಯಾಗಿ ಪುಡಿಯಾಗುತ್ತದೆ. ಹೊಯಿಗೆಯಲ್ಲಿ ಬೆರೆತ ಆ ಪುಡಿಯನ್ನು ಹೆಕ್ಕಲು ಯಾರ ಕೈಲೂ ಆಗದು.

ಮರುಬಳಕೆ ಮಾಡಬಹುದಲ್ಲ ಎನ್ನುವವರಿದ್ದಾರೆ. ಕಾಗದದ ಮೇಲೆ ಹೌದು. ಸಾರು ಮೆತ್ತಿದ ಡಬ್ಬಿಯನ್ನು ತೊಳೆದು, ಒಣಗಿಸಿ, ಒತ್ತಿ, ಹಡಗಿಗೆ ಹೇರಿ ಬೇರೆ ದೇಶಕ್ಕೆ ಕಳಿಸುವುದೆಂದರೆ ಗಾಳಿಗೆ ಬಾಡಿಗೆ ಕೊಟ್ಟ ಹಾಗೆ. ಹೂಳೋಣವೆಂದರೆ ಹವಳದ ದ್ವೀಪದಲ್ಲಿ ಜಾಗವೆಲ್ಲಿದೆ? ಮಾಲೆಯ ಪಶ್ಚಿಮಕ್ಕಿರುವ ತಿಲಫುಶಿಯನ್ನೇ ನೋಡಿ. 1992ರಿಂದ ಲಗೂನಿಗೆ, ಅಂದರೆ ಹವಳದ ದಂಡೆಯೊಳಗಿನ ಆಳವಿಲ್ಲದ ಕಡಲಿಗೆ, ಕಸ ತುಂಬಿಸಿ ತುಂಬಿಸಿಯೇ ಎದ್ದ ದ್ವೀಪ ಅದು. ಅಲ್ಲಿ ಎಷ್ಟೋ ವರ್ಷ ಬಯಲಲ್ಲೇ ಸುಡುತ್ತಿದ್ದ ಕಸದ ಹೊಗೆ ರಾಜಧಾನಿಗೆ ಕಾಣುತ್ತಿತ್ತು.

ಆರೋಗ್ಯದ ಮಾತೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಈ ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಏರಿಸಿತು. ಆ ತೀರ್ಮಾನಕ್ಕೆ ಆಧಾರ ಪ್ರಾಣಿಗಳ ಮೇಲಿನ ಪ್ರಯೋಗ ಮತ್ತು ಕಾರ್ಖಾನೆಯಲ್ಲಿ ಅದನ್ನು ಉಸಿರಾಡುವವರ ಮೇಲಿನ ಅಧ್ಯಯನ, ಪಾರ್ಸೆಲ್ ಉಣ್ಣುವವರದ್ದಲ್ಲ. ಭಯಪಡಿಸುವುದು ಬೇಡ. ಸಮುದ್ರದ ಕಾರಣವೊಂದೇ ಸಾಕು.

ಜಗಲಿಯ ಮೇಲಿನ ಪರೀಕ್ಷೆ

ಬದಲಿಗಳನ್ನು ಬಾಯಲ್ಲಿ ಹೋಲಿಸುವುದಕ್ಕಿಂತ ಬಡಿಸಿ ನೋಡುವುದೇ ಮೇಲು ಎಂದು ಒಂದು ಮಧ್ಯಾಹ್ನ ಜಗಲಿಯ ಮೇಲೆ ಹಳೇ ಪೇಪರ್ ಹಾಸಿ ಸಾಲಾಗಿ ಇಟ್ಟೆ: ಹಾಳೆಯ ಬಟ್ಟಲು, ಕಬ್ಬಿನ ಸಿಪ್ಪೆಯ ಡಬ್ಬಿ, ಮೆಕ್ಕೆಜೋಳದ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿ, ಹೋಟೆಲಿನವರು ಕೊಡುವ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಬಾಡಿಸಿದ ಬಾಳೆ ಎಲೆ. ಎಲ್ಲದಕ್ಕೂ ಆಗಷ್ಟೇ ಬಸಿದ ಕುಚ್ಚಲಕ್ಕಿ ಅನ್ನ, ಮೇಲೆ ಕುದಿಯುತ್ತಿದ್ದ ಮೀನು ಸಾರು. ಒಂದು ಗಂಟೆ ಬಿಟ್ಟೆ. ಹೆಂಡತಿ ನೋಡಿ "ಇದನ್ನೆಲ್ಲ ಉಣ್ಣುವವರು ಯಾರು?" ಎಂದು ಕೇಳಿದಳು. ಉತ್ತರ ಇರಲಿಲ್ಲ.

ಮೊದಲು ಕೈಕೊಟ್ಟದ್ದು ಮೆಕ್ಕೆಜೋಳದ ಪ್ಲಾಸ್ಟಿಕ್. ಪಿಎಲ್‌ಎ ಎನ್ನುತ್ತಾರೆ, ಪಿಷ್ಟದಿಂದ ಮಾಡಿದ್ದು. ಸುಮಾರು 60 ಡಿಗ್ರಿಯ ಹತ್ತಿರ ಮೆತ್ತಗಾಗುವುದು ಅದರ ಗುಣ. ಸಾರು ಬಿದ್ದ ಕೂಡಲೇ ತಳ ಜೋತುಬಿತ್ತು, ಮುಚ್ಚಳ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಯಿತು. ಶಾಖ ತಡೆಯುವ ಹಾಗೆ ಗಟ್ಟಿ ಮಾಡಿದ ನಮೂನೆಯೂ ಸಿಗುತ್ತದೆ, ಬೆಲೆ ಹೆಚ್ಚು. ಆದರೆ ನನ್ನ ತಕರಾರು ಬೇರೆ. ಡಬ್ಬಿಯ ಬೆನ್ನಿನ ಮೇಲೆ ಎಲೆಯ ಚಿತ್ರ ಹಾಕಿ 'ಗೊಬ್ಬರವಾಗುತ್ತದೆ' ಎಂದು ಬರೆದಿರುತ್ತದೆ. ಅದು ಗೊಬ್ಬರವಾಗುವುದು ವಾರಗಟ್ಟಲೆ 60 ಡಿಗ್ರಿಯ ಆಸುಪಾಸಿನ ಬಿಸಿ ಕಾಯ್ದುಕೊಳ್ಳುವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ. ಬಹುಪಾಲು ಸಣ್ಣ ದ್ವೀಪಗಳಲ್ಲಿ ಅಂಥದ್ದು ಇಲ್ಲ. ಮನೆಯ ಹಿಂದಿನ ಗೊಬ್ಬರಗುಂಡಿ ಅಷ್ಟು ಕಾಯುವುದಿಲ್ಲ, ಸಮುದ್ರವಂತೂ ಕಾಯುವುದೇ ಇಲ್ಲ. ಘಟಕವಿಲ್ಲದ ದ್ವೀಪಕ್ಕೆ ಪಿಎಲ್‌ಎ ತರಿಸುವುದೆಂದರೆ ಒಂದು ಪ್ಲಾಸ್ಟಿಕ್ಕಿನ ಬದಲು ಇನ್ನೊಂದನ್ನು ಹೆಚ್ಚು ದುಡ್ಡು ಕೊಟ್ಟು ತರಿಸಿದ ಹಾಗೆ.

'ಬಯೋಡಿಗ್ರೇಡಬಲ್' ಎಂಬ ಒಂದೇ ಪದವಿದ್ದರೆ ಇನ್ನೂ ಹುಷಾರಾಗಿರಿ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಹಾಗೆ ಬರೆದಿದ್ದ ಚೀಲವನ್ನು ಮೂರು ವರ್ಷ ಮಣ್ಣಲ್ಲೂ ಸಮುದ್ರದಲ್ಲೂ ಇಟ್ಟು ತೆಗೆದರು. 2019ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಆ ಚೀಲದಲ್ಲಿ ಇನ್ನೂ ಅಂಗಡಿ ಸಾಮಾನು ಹೊರಬಹುದಿತ್ತು.

ಕಬ್ಬಿನ ಸಿಪ್ಪೆಯ ಡಬ್ಬಿ ಗಟ್ಟಿಯಾಗಿ ಕೂತಿತ್ತು. ರಸ ಹಿಂಡಿದ ಮೇಲೆ ಉಳಿಯುವ ನಾರನ್ನು ಅರೆದು ಅಚ್ಚಿಗೆ ಒತ್ತಿ ಮಾಡುವುದು ಇದು. ಮಂಡ್ಯದ ಕಡೆಯವರಿಗೆ ಸಿಪ್ಪೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಸೋರಲಿಲ್ಲ, ಆದರೆ ತಳ ಬೆವರಿತು. ಎತ್ತಿದಾಗ ಪೇಪರಿನ ಮೇಲೆ ಒದ್ದೆ ಚೌಕ ಮೂಡಿತ್ತು. ಮುಚ್ಚಳ ಬಿಗಿಯಾಗಿ ಮುಚ್ಚುತ್ತದೆ, ಒಂದರೊಳಗೊಂದು ಕೂರುವುದರಿಂದ ಹಡಗಿನಲ್ಲಿ ಜಾಗ ಉಳಿಯುತ್ತದೆ, ದಾರಿಬದಿ ಬಿದ್ದರೂ ಮಳೆಗೆ ನೆನೆದು ನಾರಾಗಿ ಹೋಗುತ್ತದೆ. ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಎಣ್ಣೆ ಇಂಗದಿರಲೆಂದು ಇಂಥ ಡಬ್ಬಿಗಳಿಗೆ ಪಿಎಫ್‌ಎಎಸ್ ಎಂಬ ರಾಸಾಯನಿಕ ಸೇರಿಸುವ ರೂಢಿ ಬಹಳ ಕಾಲ ಇತ್ತು. ಮಣ್ಣಿಗೆ ಸೇರಿದರೆ ಅದು ಬಹಳ ಕಾಲ ಹಾಗೇ ಉಳಿಯುತ್ತದೆ. ಅಮೆರಿಕದಲ್ಲಿ ಆಹಾರದ ಕಾಗದಕ್ಕೆ ಅದನ್ನು ಮಾರುವುದು ನಿಂತಿದೆ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಉಳಿದ ದೇಶಗಳಿಗೆ ಬರುವ ಮಾಲಿನಲ್ಲಿ ಇಲ್ಲ ಎಂದು ತಾನಾಗಿ ಅರ್ಥವಲ್ಲ. ಮಾರುವವರಿಂದ 'ಪಿಎಫ್‌ಎಎಸ್ ಇಲ್ಲ' ಎಂಬ ಪರೀಕ್ಷಾ ವರದಿ ಕೇಳಿ, ಕೊಡದಿದ್ದರೆ ಬೇರೆಯವರನ್ನು ನೋಡಿ. ಹೀಗೆ ಕೇಳಿ ತರಿಸಿದ ಸಿಪ್ಪೆ ಡಬ್ಬಿ ಸ್ವಲ್ಪ ಬೆವರುತ್ತದೆ. ಪರವಾಗಿಲ್ಲ, ಬೆವರುವುದೇ ಅದು ಪ್ರಾಮಾಣಿಕವೆಂಬುದರ ಗುರುತು ಎಂದುಕೊಂಡಿದ್ದೇನೆ.

ಕಪ್ಪು ಪ್ಲಾಸ್ಟಿಕ್ ಡಬ್ಬಿಗೆ, ಅಂದರೆ ಪಾಲಿಪ್ರೊಪಿಲೀನಿಗೆ, ಏನೂ ಆಗಲಿಲ್ಲ. ಒಂದು ಗಂಟೆಯಲ್ಲಿ ಏನೂ ಆಗದ್ದಕ್ಕೆ ಸಮುದ್ರದಲ್ಲೂ ಬೇಗ ಏನೂ ಆಗುವುದಿಲ್ಲ. ನೀರಿಗಿಂತ ಹಗುರ, ತೇಲುತ್ತದೆ. ಆದರೂ ಥರ್ಮಾಕೋಲಿಗಿಂತ ಇದು ಮೇಲು ಎನ್ನುವವನು ನಾನು. ಅಷ್ಟು ಬೇಗ ಪುಡಿಯಾಗಿ ಉದುರುವುದಿಲ್ಲ, ತೊಳೆದಿಡಬಹುದು. ಯಾವ ಮನೆಯ ಅಡುಗೆಮನೆಯಲ್ಲೂ ಇಂಥ ಹತ್ತು ಡಬ್ಬಿಗಳಲ್ಲಿ ಜೀರಿಗೆ, ಸಾಸಿವೆ, ಉಳಿದ ಚಟ್ನಿ ಇರುತ್ತದಲ್ಲ. ಹನ್ನೊಂದನೆಯದು ಮಾತ್ರ ಕಸವೇ.

ಬಾಳೆ ಎಲೆಯನ್ನು ಕೆಂಡಕ್ಕೆ ಹಿಡಿದು ಬಾಡಿಸಿದರೆ ಹರಿಯದೆ ಮಡಚುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅನ್ನ, ಪಲ್ಯ, ಹುರಿದ ಮೀನಿಗೆ ಅದಕ್ಕೆ ಸಾಟಿ ಇಲ್ಲ. ಸಾರು ಎರೆದದ್ದು ನನ್ನ ತಪ್ಪು. ಶ್ರೀಲಂಕಾದಲ್ಲಿ ಅನ್ನದ ಪಾರ್ಸೆಲ್ ಇಂದಿಗೂ 'ಬತ್ ಪ್ಯಾಕೆಟ್', ಅದನ್ನು ಎಲೆಯಲ್ಲಿ ಕಟ್ಟುವುದು ಹಳೆಯ ರೂಢಿ. ನಡುವೆ ಎಲೆಯ ಜಾಗಕ್ಕೆ ಪಾಲಿಥೀನ್ ಹಾಳೆ, ಅದರ ಪಕ್ಕಕ್ಕೆ ಥರ್ಮಾಕೋಲ್ ಡಬ್ಬಿ ಬಂದು ಕೂತವು. ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನವರ ಲಪ್‌ಲಪ್ ಎಂಬ ಗೆಡ್ಡೆಯ ಕಡುಬು ಬೇಯುವುದೇ ಎಲೆಯೊಳಗೆ. ಎಲೆ ಹೇರಳವಾಗಿ ಬೆಳೆಯುವ ದ್ವೀಪಕ್ಕೆ ಎಲೆಯೇ ಮೊದಲ ಉತ್ತರ. ಮಾಲೆಯಂಥ ಕಾಂಕ್ರೀಟ್ ದ್ವೀಪಕ್ಕೆ ಎಲೆಯನ್ನೂ ದೋಣಿಯಲ್ಲಿ ತರಬೇಕು, ಅದು ಬೇರೆ ಲೆಕ್ಕ.

ಕೊನೆಗೆ ಹಾಳೆ. ತೋಟದಲ್ಲಿ ತಾನೇ ಬಿದ್ದದ್ದು, ನೀರಲ್ಲಿ ನೆನೆಸಿ ತಿಕ್ಕಿ ತೊಳೆದು ಬಿಸಿ ಅಚ್ಚಿಗೆ ಒತ್ತಿದರೆ ಆಯಿತು, ಅಂಟು ಬೇಡ, ಬಣ್ಣ ಬೇಡ. ಒಂದು ಹನಿ ಸೋರಲಿಲ್ಲ. ಮುಚ್ಚಳಕ್ಕೆಂದು ಇನ್ನೊಂದು ಬಟ್ಟಲು ಕವುಚಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಎತ್ತುವಾಗ ತುಸು ವಾಲಿತು, ಸಾರು ಮಣಿಕಟ್ಟಿನಿಂದ ಮೊಣಕೈಗೆ ಹರಿಯಿತು. ಹಾಳೆಗೆ ಹಾಳೆ ಕಚ್ಚಿ ಕೂರುವುದಿಲ್ಲ, ಒಂದೊಂದು ಹಾಳೆಯ ದಪ್ಪ ಒಂದೊಂದು. ಕೂತು ಉಣ್ಣುವುದಕ್ಕೆ, ಮದುವೆಗೆ, ಜಾತ್ರೆಗೆ, ಬೀಚಿನ ಬದಿಯ ಒಣ ತಿಂಡಿಗೆ ಹಾಳೆ. ಸಾರಿನ ಪಾರ್ಸೆಲ್‌ಗೆ ಅಲ್ಲ. ಇನ್ನೊಂದು ಸಂಗತಿಯನ್ನು ಅಡಿಕೆಯವನಾದ ನಾನು ಮುಚ್ಚಿಡಬಾರದು. 2025ರ ಮೇ ತಿಂಗಳಲ್ಲಿ ಅಮೆರಿಕದ ಅದೇ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು ಹೇಳಿ ಹಾಳೆ ತಟ್ಟೆ ಮಾರಬಾರದೆಂದಿತು. ನಮ್ಮ ಅಜ್ಜಂದಿರು ಹಾಳೆಯಲ್ಲೇ ಉಂಡರು ಎಂಬುದು ನನ್ನ ಸಮಾಧಾನ. ಕೊಳ್ಳುವ ದೇಶದ ಅಧಿಕಾರಿಗೆ ಅದು ಉತ್ತರವಲ್ಲ. ತರಿಸುವ ಮೊದಲು ಆ ದೇಶದ ನಿಯಮ ಕೇಳಿಕೊಳ್ಳಿ. ಸಸ್ಯದ ಮಾಲು ಎಂದರೆ ದ್ವೀಪಗಳ ಕ್ವಾರಂಟೈನಿನವರು ಹೇಗೂ ಪೆಟ್ಟಿಗೆ ಬಿಚ್ಚಿಸುತ್ತಾರೆ.

ಹಾಳೆಯ ಬಗ್ಗೆ ನನಗೆ ನಿಜಕ್ಕೂ ಆಸೆ ಹುಟ್ಟಿಸುವುದು ಅಡಿಕೆ ಬೆಳೆಯುವ ದ್ವೀಪಗಳು. ಶ್ರೀಲಂಕಾದಲ್ಲಿ ಹಾಳೆಗೆ 'ಕೊಳಪತ' ಎಂಬ ಹೆಸರೇ ಇದೆ. ಸೊಲೊಮನ್ ದ್ವೀಪಗಳಲ್ಲೂ ನಮ್ಮ ಹಾಗೆ ಅಡಿಕೆ ಜಗಿಯುವ ರೂಢಿ ಇದೆ. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ಥರ್ಮಾಕೋಲ್ ಡಬ್ಬಿಯೂ ನಿಷೇಧ. ಅವರಿಗೆ ನಮ್ಮ ತಟ್ಟೆ ಕಳಿಸುವುದಕ್ಕಿಂತ ನಮ್ಮ ಮೆಷಿನ್ ಕಳಿಸುವುದು ಸರಿ. ಹಾಳೆ ಅವರ ತೋಟದಲ್ಲೇ ಬೀಳುತ್ತಿದೆ.

ಫಾಯಿಲ್ ಮತ್ತು ಕಾಗದದ ಡಬ್ಬಿಯನ್ನು ಪರೀಕ್ಷೆಗೆ ಇಟ್ಟಿರಲಿಲ್ಲ. ಫಾಯಿಲ್ ಒಲೆಗೂ ತಡೆಯುತ್ತದೆ, ಅಲ್ಯುಮಿನಿಯಮ್ಮಿಗೆ ಗುಜರಿ ಬೆಲೆಯೂ ಇದೆ, ಹುಳಿ ಪದಾರ್ಥಕ್ಕೆ ಬೇಡ. ಕಾಗದದ ಡಬ್ಬಿಯ ಒಳಮೈ ಉಗುರಲ್ಲಿ ಕೆರೆದು ನೋಡಿ, ಪೊರೆ ಎದ್ದರೆ ಅದು ಪ್ಲಾಸ್ಟಿಕ್.

ಸರ್ಕಾರಕ್ಕಿರುವ ದಾರಿಗಳು

ಅಂಗಡಿಯವನು ಒಳ್ಳೆಯವನಾದರೆ ಸಾಲದು. ಪಕ್ಕದ ಅಂಗಡಿಯಲ್ಲಿ ಅಗ್ಗದ ಡಬ್ಬಿ ಸಿಗುತ್ತಿದ್ದರೆ ಅವನು ಎಷ್ಟು ದಿನ ತಾಳಿಯಾನು? ಇಲ್ಲಿ ದ್ವೀಪಗಳಿಗೆ ನಮಗಿಲ್ಲದ ಒಂದು ಅನುಕೂಲವಿದೆ. ಮನೆಗೆ ಬಾಗಿಲು ಒಂದೆರಡೇ. ಬರುವುದೆಲ್ಲ ಬಂದರಿನಿಂದಲೇ ಬರಬೇಕು. ಕರ್ನಾಟಕ 2016ರ ಮಾರ್ಚ್‌ನಲ್ಲೇ ಥರ್ಮಾಕೋಲ್ ಸೇರಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಆದರೆ ನಮ್ಮ ಗಡಿ ದಾಟಲು ಒಂದು ಟೆಂಪೋ ಸಾಕು.

ಆ ಬಾಗಿಲನ್ನು ಚೆನ್ನಾಗಿ ಬಳಸಿಕೊಂಡದ್ದು ಕೆರಿಬಿಯನ್ನಿನ ಆಂಟಿಗುವಾ ಮತ್ತು ಬಾರ್ಬುಡಾ. 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಲ್ಲಿಸಿದ ಮೇಲೆ ಅವರು ಥರ್ಮಾಕೋಲನ್ನು ಒಮ್ಮೆಗೇ ಹಿಡಿಯಲಿಲ್ಲ. 2017ರ ಜುಲೈಯಲ್ಲಿ ಊಟದ ಡಬ್ಬಿ, 2018ರಲ್ಲಿ ಪ್ಲಾಸ್ಟಿಕ್ ಚಮಚಗಳಂಥವು, ಟ್ರೇಗಳು, ಮೊಟ್ಟೆಯ ಪೆಟ್ಟಿಗೆ ಎಂದು ಮೆಟ್ಟಿಲು ಮಾಡಿಕೊಂಡರು. ಜೊತೆಗೆ ಕಬ್ಬಿನ ಸಿಪ್ಪೆಯಂಥ ಬದಲಿಗಳ ಮೇಲಿನ ಸುಂಕ ತೆಗೆದರು. ಸೇಂಟ್ ವಿನ್ಸೆಂಟ್ ಕೂಡ ಬದಲಿಗಳ ಮೇಲಿನ ತೆರಿಗೆ ಬಿಟ್ಟುಕೊಟ್ಟಿತು. ಗ್ರೆನಾಡಾ ಆಮದನ್ನು 2018ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿ, ಮಾರಾಟಕ್ಕೆ ಮುಂದಿನ ಮಾರ್ಚ್‌ವರೆಗೆ, ಬಳಕೆಗೆ ಇನ್ನೊಂದು ತಿಂಗಳು ಬಿಟ್ಟಿತು. ಗೋದಾಮಿನಲ್ಲಿದ್ದುದನ್ನು ಖಾಲಿ ಮಾಡಿಕೊಳ್ಳಲಿ ಎಂದು. ಒಳಗೇ ತಯಾರಾಗುತ್ತಿದ್ದ ಜಮೈಕಾದಲ್ಲಿ 2019ರ ಜನವರಿಗೆ ಆಮದು, ಒಂದು ವರ್ಷದ ನಂತರ ಸ್ಥಳೀಯ ತಯಾರಿಕೆ ಮತ್ತು ಮಾರಾಟ ನಿಂತವು.

ಇದಕ್ಕೆ ಎದುರು ಹೈಟಿಯನ್ನು ಇಟ್ಟು ನೋಡಿ. 2012ರಲ್ಲೇ, ಇವರೆಲ್ಲರಿಗಿಂತ ಮೊದಲು, ಕಪ್ಪು ಪ್ಲಾಸ್ಟಿಕ್ ಚೀಲ ಮತ್ತು ಥರ್ಮಾಕೋಲ್ ಡಬ್ಬಿಗೆ ನಿಷೇಧದ ಆಜ್ಞೆ ಹೊರಟಿತು. 2013ರಲ್ಲಿ ಮತ್ತೊಮ್ಮೆ ಹೊರಡಿಸಬೇಕಾಯಿತು. ಒಂದೇ ಆಜ್ಞೆಯನ್ನು ಎರಡು ಸಲ ಹೊರಡಿಸಿದ್ದಾರೆಂದರೆ ಮೊದಲನೆಯದಕ್ಕೆ ಏನಾಯಿತೆಂದು ಕೇಳಬೇಕಾಗಿಲ್ಲ. ಹೈಟಿ ಇಡೀ ದ್ವೀಪವಲ್ಲ, ದ್ವೀಪದ ಒಂದು ಭಾಗ. ಪಕ್ಕದ ಡೊಮಿನಿಕನ್ ಗಣರಾಜ್ಯದಿಂದ ನೆಲದ ಗಡಿ ದಾಟಿ ಡಬ್ಬಿ ಬರುತ್ತಲೇ ಇತ್ತು. ಬೀದಿಬದಿ ಕರಿದ ತಿಂಡಿ ಮಾರುವ ಹೆಂಗಸಿನ ಕೈಗೆ ಅದೇ ಬೆಲೆಯ ಬೇರೇನೂ ಸಿಗಲಿಲ್ಲ. ಮಳೆ ಬಂದಾಗ ಪೋರ್ಟ್-ಔ-ಪ್ರಿನ್ಸ್‌ನ ಕಾಲುವೆಗಳಲ್ಲಿ ನೀರು ಕಾಣದಷ್ಟು ಬಿಳಿ ಡಬ್ಬಿ ತೇಲುವ ಚಿತ್ರಗಳನ್ನು ನೀವೂ ನೋಡಿರಬಹುದು.

ಶ್ರೀಲಂಕಾದ್ದು ಬೇರೆ ಕಥೆ. 2017ರ ಏಪ್ರಿಲ್ 14ರಂದು, ಹೊಸ ವರ್ಷದ ಹಬ್ಬದ ದಿನ, ಕೊಲಂಬೊ ಹತ್ತಿರದ ಮೀತೊಟಮುಲ್ಲದಲ್ಲಿ ಕಸದ ಗುಡ್ಡ ಮನೆಗಳ ಮೇಲೆ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಅದೇ ಸೆಪ್ಟೆಂಬರ್ 1ರಿಂದ ಊಟ ಕಟ್ಟುವ ಪಾಲಿಥೀನ್ ಹಾಳೆ, ಥರ್ಮಾಕೋಲ್ ಡಬ್ಬಿ ಎರಡಕ್ಕೂ ನಿಷೇಧ ಬಂತು.

ನಿಷೇಧದ ಬದಲು ತೆರಿಗೆ ಹಾಕಿದರೆ? ಫಿಜಿ ಪ್ಲಾಸ್ಟಿಕ್ ಚೀಲಕ್ಕೆ 2017ರಲ್ಲಿ 10 ಸೆಂಟ್, ಮರುವರ್ಷ 20 ಸೆಂಟ್ ಹಾಕಿ, 2020ರಲ್ಲಿ ನಿಷೇಧಕ್ಕೇ ಬಂತು. ಥರ್ಮಾಕೋಲ್ ಡಬ್ಬಿಯನ್ನು 2021ರ ಜನವರಿಯಿಂದ ನೇರವಾಗಿಯೇ ನಿಲ್ಲಿಸಿತು. ಚೀಲಕ್ಕೆ ದುಡ್ಡು ಕೇಳಿದರೆ ಗಿರಾಕಿ ಮನೆಯಿಂದ ಚೀಲ ತಂದಾನು. ಡಬ್ಬಿಯ ದುಡ್ಡು ಊಟದ ಬಿಲ್ಲಿನೊಳಗೆ ಸೇರಿ ಕಾಣದೆ ಹೋಗುತ್ತದೆ. ಹಾಗಾಗಿ ಡಬ್ಬಿಗೆ ತೆರಿಗೆ ನನಗೆ ಒಪ್ಪಿಗೆಯಲ್ಲ.

ಠೇವಣಿ ಪದ್ಧತಿ ಕೆಲವು ಕಡೆ ಚೆನ್ನಾಗಿ ನಡೆಯುತ್ತದೆ. ಪೆಸಿಫಿಕ್ ಸಾಗರದ ಪಲಾವು ಎಂಬ ದ್ವೀಪದೇಶದಲ್ಲಿ ಪಾನೀಯದ ಡಬ್ಬಿ-ಬಾಟಲಿಗೆ 10 ಸೆಂಟ್ ಕಟ್ಟಿಸಿಕೊಂಡು, ತಂದುಕೊಟ್ಟವರಿಗೆ 5 ಸೆಂಟ್ ವಾಪಸ್ ಕೊಡುತ್ತಾರೆ. ಅದೇ ಸಾಗರದ ಕಿರಿಬಾಟಿಯಲ್ಲೂ ಇಂಥದ್ದಿದೆ. ಹೆಸರು 'ಕಾವೊಕಿ ಮಾಂಗೆ', ಕಸ ಹಿಂತಿರುಗಿಸು ಎಂದರ್ಥ. ಅಲ್ಯುಮಿನಿಯಂ ಕ್ಯಾನಿಗೆ ಹೊರಗೆ ಕೊಳ್ಳುವವರಿದ್ದಾರೆ, ಅದಕ್ಕೇ ನಡೆಯುತ್ತದೆ. ಸಾರು ಮೆತ್ತಿದ ನೊರೆಯನ್ನು ಕೊಳ್ಳುವವರು ಯಾರು? ಠೇವಣಿಗೆ ತಕ್ಕದ್ದು ಸ್ಟೀಲ್ ಡಬ್ಬಿ. ದಿನಾ ಅದೇ ಹೋಟೆಲಿನಿಂದ ಊಟ ತರಿಸುವ ಆಫೀಸು, ಶಾಲೆ, ಆಸ್ಪತ್ರೆಗಳಲ್ಲಿ ಅದು ನಡೆದೇ ನಡೆಯುತ್ತದೆ. ಇವತ್ತು ತಂದದ್ದನ್ನು ನಾಳೆ ಕೊಟ್ಟು ಹೊಸದು ಒಯ್ಯುವುದು. ಒಂದು ದಿನಕ್ಕೆ ಬರುವ ಪ್ರವಾಸಿಯ ಹತ್ತಿರ ನಡೆಯುವುದಿಲ್ಲ, ಅವನು ಡಬ್ಬಿ ಸಮೇತ ವಿಮಾನ ಹತ್ತುತ್ತಾನೆ.

ಹಾಗಾದರೆ ಯಾವುದು

ಭಾವನಿಗೆ ನಾನು ಹೇಳಿದ್ದು ಇಷ್ಟು. ಡಬ್ಬಿ ಯಾವುದರಿಂದ ಹುಟ್ಟಿತು ಎಂದು ನೋಡುವುದಕ್ಕಿಂತ ನಿಮ್ಮ ದ್ವೀಪದಲ್ಲಿ ಅದು ಎಲ್ಲಿಗೆ ಹೋಗಿ ಸಾಯುತ್ತದೆ ಎಂದು ನೋಡಿ. ದಿನದ ಗಿರಾಕಿಗಳಿಗೆ ಸ್ಟೀಲ್ ಕ್ಯಾರಿಯರ್, ಠೇವಣಿ ಇಟ್ಟು. ಕರಿದ ತಿಂಡಿಗೆ ಬರೀ ಕಾಗದದ ಪೊಟ್ಟಣ, ಅದಕ್ಕೆ ಡಬ್ಬಿ ಯಾಕೆ ಬೇಕಿತ್ತು ಮೊದಲಿಗೆ? ಅನ್ನದ ಪಾರ್ಸೆಲ್‌ಗೆ ಪಿಎಫ್‌ಎಎಸ್ ಇಲ್ಲದ ಸಿಪ್ಪೆ ಡಬ್ಬಿ. ಗರುಧಿಯಕ್ಕೆ ಗಿರಾಕಿಯೇ ಪಾತ್ರೆ ತರಲಿ, ತಾರದವನಿಗೆ ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಡಬ್ಬಿ, ಬಿಲ್ಲಿನಲ್ಲಿ ಬೇರೆ ಸಾಲು ಹಾಕಿ ದುಡ್ಡು ತೆಗೆದುಕೊಂಡು. ಸಾಲು ಬೇರೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಪಿಎಲ್‌ಎ ಬೇಡವೇ ಬೇಡ. ಒಳಗೆ ಕೂತವರಿಗೆ ಹಾಳೆ ತಟ್ಟೆಯೂ ಬೇಡ, ತೊಳೆಯುವ ತಟ್ಟೆ ಇದೆಯಲ್ಲ.

"ಹಾಗಾದ್ರೆ ಹಾಳೆ ಎಲ್ಲಿಗೆ?" ಎಂದರು ಭಾವ. ಬೀಚಿನ ಬದಿಯ ಅಂಗಡಿಗೆ ಒಂದು ಕಟ್ಟು ನೋಡಿ ಎಂದು ನೂರು ತಟ್ಟೆ ಪ್ಯಾಕ್ ಮಾಡಿ ಕಳಿಸಿದೆ. ಒಣಗಿಸಿಯೇ ಕಟ್ಟಿದ್ದೆ. ಆದರೆ ನಮ್ಮ ಜುಲೈ ತಿಂಗಳ ಒಣಗುವಿಕೆ ಎಷ್ಟೆಂದು ಕರಾವಳಿಯವರಿಗೆ ಗೊತ್ತು. ಆಮೇಲೆ ಅಷ್ಟು ದಿನ ಕಡಲ ಗಾಳಿ ಬೇರೆ. ಕಟ್ಟು ಬಿಚ್ಚಿದ ಭಾವ ಫೋಟೋ ಕಳಿಸಿದರು. ಮೇಲಿನ ತಟ್ಟೆಯ ಅಂಚಿಗೆ ಬೂದಿ ಬಣ್ಣದ ಬೂಸ್ಟು, ದೋಸೆಯ ಅಂಚಿನ ಹಾಗೆ ಸುತ್ತಲೂ. ಕೆಳಗೆ ಬರೆದಿದ್ದರು: ಮುಂದಿನ ಸಲ ಕಬ್ಬಿನದ್ದೇ ನೋಡುವ, ಬೇಜಾರು ಮಾಡ್ಕೊಳ್ಬೇಡ.